ಹೆಪ್ಪು ಹಿಡಿಯದ ಹಾಲು

ಅನಂತಮತಿಯಕ್ಕನ ಹಗೆಯ ಬಗ್ಗೆ ನಮ್ಮೂರಿನಲ್ಲಿ ಬಾಯಿಗೊಂದು ಕತೆ ಉಂಟು. ಹೇಳುವವರಲ್ಲಿ ಮುಕ್ಕಾಲು ಪಾಲು ಮಂದಿ ಅವರ ಅಂಗಳಕ್ಕೆ ಕಾಲಿಟ್ಟವರಲ್ಲ. ನಾನು ಇಟ್ಟವಳು. ಆದ್ದರಿಂದ ಹೇಳುವ ಹಕ್ಕು ನನಗೇ ಹೆಚ್ಚು. ತಕರಾರಿದ್ದವರು ಬೆಳಿಗ್ಗೆ ಸೊಸೈಟಿಗೆ ಬಂದು ನನ್ನ ಮುಖ ನೋಡಿ ಹೇಳಲಿ.

ನನ್ನ ಹೆಸರು ಕಾಂತಿ. ವೇಣೂರಿನಿಂದ ಒಳಗೆ, ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸ ನನ್ನದು. ಈ ಕೆಲಸದಲ್ಲಿ ಮನುಷ್ಯರ ಗುಣ ಬೇಗ ಗೊತ್ತಾಗುತ್ತದೆ. ನೀರು ಬೆರೆಸಿ ತಂದು, ಮಳೆಗಾಲದ ಹುಲ್ಲೇ ಹಾಗೆ ಎಂದು ಹುಲ್ಲಿನ ಮೇಲೆ ತಪ್ಪು ಹಾಕುವವರನ್ನು ದಿನಾ ನೋಡುತ್ತೇನೆ. ದನಕ್ಕೆ ಮದ್ದು ಹಾಕಿಸಿದ ದಿನವೇ ಹಾಲು ತಂದು ಸುರಿದು, ಏನೂ ಗೊತ್ತಿಲ್ಲದವರ ಹಾಗೆ ನಿಲ್ಲುವವರೂ ಇದ್ದಾರೆ. ಅನಂತಮತಿಯಕ್ಕ ಹಾಗಲ್ಲ. ದನದ ಕೆಚ್ಚಲು ಬಾವು ಬಂದು ಸೂಜಿ ಹಾಕಿಸಿದ್ದರೆ ಅವರೇ ಮೊದಲು ಹೇಳುತ್ತಿದ್ದರು, ಇವತ್ತು ಗಂಗೆಯ ಹಾಲು ತಂದಿಲ್ಲ, ಇನ್ನೂ ನಾಲ್ಕು ದಿನ ತರುವುದಿಲ್ಲ ಎಂದು. ಊರ ಮಕ್ಕಳು ಕುಡಿಯುವ ಹಾಲಿನಲ್ಲಿ ಮದ್ದು ಹೋಗಬಾರದು ಎನ್ನುವುದು ಅವರ ಹಟ. ಸಭೆಯಲ್ಲಿ ಅಧ್ಯಕ್ಷರು ಅವರನ್ನು ಹೊಗಳುತ್ತಿದ್ದರು. ಉಳಿದವರು ಕೆಮ್ಮುತ್ತಿದ್ದರು.

ಅವರದ್ದು ಜೈನರ ಮನೆ, ಹಳೆಯ ಮನೆತನ. ಬಟ್ಟೆಯಲ್ಲಿ ಸೋಸಿ ಕಾಯಿಸದೆ ನೀರು ಕುಡಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಣ್ಣಿನಡಿಯ ಗೆಡ್ಡೆ ಒಳಗೆ ಬರುವುದಿಲ್ಲ. ಇರುವೆ ಸಾಲು ಹೋಗುತ್ತಿದ್ದರೆ ದಾಟಿ ನಡೆಯುವವರು. ಗಂಡ ಅಜಿತಕುಮಾರಣ್ಣ ಹತ್ತು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯ. ಒಬ್ಬಳೇ ಮಗಳು, ಅಕ್ಷಯಾ. ಮೂಡಬಿದ್ರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ತಡವಾದ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾ, ಬಸ್ಸು ಹೋಯಿತಾ ಎಂದು, ಬಸ್ಸು ನನ್ನದೇ ಎನ್ನುವ ಹಾಗೆ ನನ್ನನ್ನು ಕೇಳುತ್ತಿದ್ದಳು. ಹೋಗಿದ್ದರೆ ನನಗೇ ಬೈದು ನಗುತ್ತಿದ್ದಳು.

ಅನಂತಮತಿಯಕ್ಕ ಒಮ್ಮೊಮ್ಮೆ ನಮ್ಮ ಮನೆಗೆ ಗಿಂಡಿ ಹಿಡಿದು ಹೆಪ್ಪು ಕೇಳಲು ಬರುತ್ತಿದ್ದರು. ಅವರ ಮನೆಯಲ್ಲಿ ಹಾಲು ಕೆಲವು ಸಲ ಹೆಪ್ಪು ಹಿಡಿಯುತ್ತಲೇ ಇರಲಿಲ್ಲವಂತೆ. ಎಷ್ಟು ಮೊಸರು ಬೆರೆಸಿಟ್ಟರೂ ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತಿತ್ತಂತೆ. ಯಾರ ಕಣ್ಣು ಬಿತ್ತೋ ಎಂದು ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ನನ್ನ ಹೆಪ್ಪು ಒಯ್ದರೂ ಅಷ್ಟೇ. ನಿಮ್ಮ ದನಗಳಿಗೂ ನಿಮ್ಮದೇ ಹಟ ಬಂದಿದೆ ಅಕ್ಕ, ಎಂದು ನಾನು ತಮಾಷೆ ಮಾಡಿದ್ದುಂಟು.

ಮಳೆಗಾಲ ಶುರುವಾಗುವಾಗ ಅಕ್ಷಯಾಗೆ ಜ್ವರ ಬಂತು, ಸೊಂಟದ ಬದಿಯಲ್ಲಿ ನೋವು. ಮೂತ್ರದ ಸೋಂಕು ಎಂದು ಪೇಟೆಯ ಡಾಕ್ಟರು ಮಾತ್ರೆ ಕೊಟ್ಟರು. ಕಡಿಮೆಯಾಗಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಮದ್ದು ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು ಹಾಕಿದರು. ಹಿಂದೆಲ್ಲ ಬೇಗ ಗುಣವಾಗುತ್ತಿದ್ದ ರೋಗ ಇದು, ಈಗ ಇವಳ ಮೈಯ ಬ್ಯಾಕ್ಟೀರಿಯಾ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ ಎಂದರಂತೆ. ಸೋಂಕು ಕಿಡ್ನಿಗೆ ಏರಿ ರಕ್ತಕ್ಕೆ ಇಳಿಯಿತು. ಹುಡುಗಿ ವಾರದೊಳಗೆ ಹೋಗಿಬಿಟ್ಟಳು. ಆ ದಿನ ಸೊಸೈಟಿಯಲ್ಲಿ ಹಾಲು ಅಳೆಯುವಾಗ ಬಸ್ಸಿನ ಮಾರ್ಗ ನೋಡುತ್ತಾ ಅರ್ಧ ಕ್ಯಾನು ಚೆಲ್ಲಿಬಿಟ್ಟೆ.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಅನಂತಮತಿಯಕ್ಕನ ಹತ್ತಿರ ಕೇಳಿದರಂತೆ, ಮನೆಯಲ್ಲಿ ಕೋಳಿ ತಿನ್ನುತ್ತೀರಾ ಎಂದು. ಮಗಳ ಹೆಣ ಒಳಗಿರುವಾಗ ಜೈನರ ಹೆಂಗಸಿಗೆ ಈ ಪ್ರಶ್ನೆ. ಡಾಕ್ಟರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪ್ರಾಣಿ ಸಾಕುವಲ್ಲಿ ಆ್ಯಂಟಿಬಯಾಟಿಕ್ ಹಾಕಿ ಹಾಕಿ, ಮದ್ದಿಗೆ ಸಾಯದ ಬ್ಯಾಕ್ಟೀರಿಯಾ ಅಲ್ಲಿ ಹುಟ್ಟುತ್ತವೆ, ನೀರಿನಿಂದ ಗೊಬ್ಬರದಿಂದ ಕೈಯಿಂದ ಮನುಷ್ಯರಿಗೆ ಬರುತ್ತವೆ, ತಿನ್ನಲೇಬೇಕೆಂದಿಲ್ಲ ಎಂದು ವಿವರಿಸಿದರಂತೆ. ಅನಂತಮತಿಯಕ್ಕ ಅಷ್ಟನ್ನು ಕೇಳಿ ಎದ್ದವರು, ಅಳು ಅಲ್ಲಿಯೇ ಬಿಟ್ಟು ಊರಿಗೆ ಬಂದರು. ಯಾರನ್ನು ಹಿಡಿಯಬೇಕು ಎಂದು ದಾರಿಯಲ್ಲಿಯೇ ನಿಶ್ಚಯವಾಗಿತ್ತು.

ಅವರ ಜಾಗದ ಮೇಲ್ಬದಿಯಲ್ಲಿ, ನೀರು ಹರಿಯುವ ತೋಡಿನ ಆಚೆ, ನಿತ್ಯಾನಂದನ ಕೋಳಿ ಫಾರ್ಮ್. ನಿತ್ಯಾನಂದ ನನ್ನ ದೊಡ್ಡಮ್ಮನ ಮಗ. ನಾನು ಕರೆಯುವುದು ನಿತ್ಯಣ್ಣ ಎಂದು. ಬಹರೈನಿನಲ್ಲಿ ಹೋಟೆಲಿನಲ್ಲಿದ್ದವನು ಬಂದು ಎರಡು ಉದ್ದ ಶೆಡ್ ಕಟ್ಟಿದ. ಮರಿ ಕಂಪೆನಿಯದ್ದು, ಆಹಾರ ಕಂಪೆನಿಯದ್ದು, ಮದ್ದೂ ಕಂಪೆನಿಯದ್ದು. ಕೋಳಿಗೆ ರೋಗ ಬಂದ ಮೇಲೆ ಮದ್ದು ಕೊಡುವುದಲ್ಲ, ಬಾರದಿರಲಿ ಎಂದು ಮೊದಲೇ ಕುಡಿಯುವ ನೀರಿನ ಟ್ಯಾಂಕಿಗೆ ಪುಡಿ ಕಲಸುವುದು ಅಲ್ಲಿಯ ಕ್ರಮ. ಶೆಡ್ ತೊಳೆದ ನೀರು ತೋಡಿಗೆ. ಗೊಬ್ಬರ ಸುತ್ತಲಿನ ತರಕಾರಿ ಗದ್ದೆಗಳಿಗೆ.

ಸಂಬಂಧಿ ಎಂದು ನಾನು ಬಾಯಿ ಮುಚ್ಚುವವಳಲ್ಲ. ಇದನ್ನೂ ಹೇಳಿಯೇ ಬಿಡುತ್ತೇನೆ. ನಿತ್ಯಣ್ಣನ ಮನೆಯಲ್ಲಿ ಆ ಫಾರ್ಮಿನ ಕೋಳಿ ಒಲೆಗೆ ಏರುವುದಿಲ್ಲ. ಹಿತ್ತಿಲಿನಲ್ಲಿ ಬೇರೆಯಾಗಿ ಸಾಕಿದ ಊರಕೋಳಿಗಳು, ಭತ್ತ ಹೆಕ್ಕಿ ಬೆಳೆದವು. ದೈವಕ್ಕೆ ಕೊಡುವುದೂ ಅದೇ, ಮಕ್ಕಳಿಗೆ ರೊಟ್ಟಿಯ ಜೊತೆ ಬಡಿಸುವುದೂ ಅದೇ. ಯಾಕೆ ಎಂದು ಅತ್ತಿಗೆಯನ್ನು ಕೇಳಿದರೆ, ಫಾರ್ಮಿನದ್ದು ನಮಗೆ ಆಗುವುದಿಲ್ಲ ಎನ್ನುತ್ತಾರೆ. ನಿಮಗೆ ಆಗದ್ದು ಊರಿಗೆ ಹೇಗೆ ಆಗುತ್ತದೆ ಎಂದು ನಾನು ಒಮ್ಮೆ ಕೇಳಿದೆ. ಆಮೇಲೆ ಒಂದು ವರ್ಷ ಆ ಮನೆಯಿಂದ ನನಗೆ ರೊಟ್ಟಿಯೂ ಇಲ್ಲ, ಮಾತೂ ಇಲ್ಲ.

ಮಗಳ ಕಾರ್ಯ ಮುಗಿದ ಮರುದಿನದಿಂದ ಅನಂತಮತಿಯಕ್ಕ ಹಾಲು ಕೊಟ್ಟು ನೇರ ಮನೆಗೆ ಹೋಗುವುದನ್ನು ಬಿಟ್ಟರು. ಫಾರ್ಮಿನ ಗೇಟಿನ ಎದುರು ಮೋರಿಯ ಕಟ್ಟೆ ಉಂಟು. ಖಾಲಿ ಕ್ಯಾನು ಬದಿಗಿಟ್ಟು ಅಲ್ಲಿ ಕುಳಿತುಕೊಳ್ಳುತ್ತಿದ್ದರು. ಬೈಯುವುದಿಲ್ಲ, ಕಲ್ಲು ಹೊಡೆಯುವುದಿಲ್ಲ. ನೋಡುತ್ತಾರೆ, ಅಷ್ಟೆ. ಒಳಗೆ ಹೋಗುವ ಲಾರಿಯವರು ಹಾರ್ನ್ ಹಾಕಲೂ ಹೆದರಿದರು. ಕೋಳಿ ಹಿಡಿಯಲು ಬರುವ ಕೂಲಿಯವರು ಆ ಕಣ್ಣು ತಪ್ಪಿಸಲು ಹಿಂದಿನ ಗುಡ್ಡ ಹತ್ತಿ ಬರತೊಡಗಿದರು. ಫಾರ್ಮಿನವರು ಮದ್ದಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಗಳನ್ನು ತೋಡಿಗೆ ಬಿಸಾಡುತ್ತಿದ್ದರು. ಇವರು ತೋಡಿಗಿಳಿದು ಒಂದೊಂದನ್ನೇ ಹೆಕ್ಕಿದರು. ತೊಳೆದರು. ಬಾಳೆನಾರಿನಲ್ಲಿ ಪೋಣಿಸಿ, ಮಾರ್ಗದ ಬದಿಯ ತಮ್ಮ ಬೇಲಿಯ ಉದ್ದಕ್ಕೂ ತೋರಣ ಕಟ್ಟಿದರು. ಬಸ್ಸಿನಲ್ಲಿ ಹೋಗುವವರೆಲ್ಲ ಕತ್ತು ಹೊರಗೆ ಹಾಕಿ ನೋಡುವ ಹಾಗಾಯಿತು. ಯಾರ ಮನೆಯ ಮದುವೆ ಎಂದು ಹೊಸಬರು ಕೇಳಿದರೆ, ನಿತ್ಯಾನಂದನ ಮರ್ಯಾದೆಯದ್ದು ಎಂದು ಕಂಡಕ್ಟರ್ ಹೇಳುತ್ತಿದ್ದ.

ನಿತ್ಯಣ್ಣ ತೆಗೆಯಿರಿ ಎಂದು ಹೇಳಲು ಹೋದ. ಬಿಸಾಡಿದ್ದು ನೀನು, ನಾನು ಒಣಗಲು ಹಾಕಿದ್ದು ಅಷ್ಟೆ ಎಂದು ಅನಂತಮತಿಯಕ್ಕ ಬಾಗಿಲು ಹಾಕಿಕೊಂಡರು. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ನಾನು ಆ ಮಾತನ್ನು ಅವರ ಎದುರು ಹೇಳಿದಾಗ, ಹನ್ನೆರಡು ಸಾಲದು ಕಾಂತಿ ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನನಗೂ ಒಳಗೊಳಗೆ ಖುಷಿಯೇ ಆಗಿತ್ತು. ಬಸ್ಸಿಗೆ ಓಡುವ ಹುಡುಗಿಯಿಲ್ಲದ ಬೆಳಿಗ್ಗೆಗೆ ಯಾರಾದರೂ ಬೆಲೆ ತೆರಬೇಕಿತ್ತು.

ಆ ಸಮಯಕ್ಕೆ ಸರಿಯಾಗಿ ರಿಫಾ ಬಂದಳು. ಬಂಟ್ವಾಳದ ಹುಡುಗಿ, ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕೋಳಿ ಫಾರ್ಮು, ದನದ ಹಟ್ಟಿಗಳಿಂದ ಹಿಕ್ಕೆ, ಸೆಗಣಿ, ನೀರು ಒಯ್ದು, ಅದರ ಬ್ಯಾಕ್ಟೀರಿಯಾದಲ್ಲಿ ಮದ್ದಿಗೆ ಬಗ್ಗದಂತೆ ಮಾಡುವ ಜೀನ್ ಉಂಟಾ ಎಂದು ನೋಡುವುದು ಅವಳ ಕೆಲಸ. ನಿತ್ಯಣ್ಣ ಅವಳನ್ನು ಗೇಟಿನಿಂದಲೇ ವಾಪಸು ಕಳುಹಿಸಿದ. ಮೋರಿಯ ಕಟ್ಟೆಯಲ್ಲಿ ಕುಳಿತಿದ್ದ ಅನಂತಮತಿಯಕ್ಕ ಅವಳನ್ನು ಕರೆದು ಹತ್ತಿರ ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ, ನಿನಗೆ ಆ ಗೇಟು ನಾನು ತೆರೆಸಿಕೊಡುತ್ತೇನೆ ಎಂದರು.

ಹೇಗೆ ತೆರೆಸಿದರು ಎನ್ನುವುದೇ ಈ ಕತೆಯ ಗಂಟು. ನಮ್ಮೂರಿನ ದೈವಸ್ಥಾನದಲ್ಲಿ ಮೊದಲ ಪ್ರಸಾದ ಅನಂತಮತಿಯಕ್ಕನ ಮನೆಗೆ. ಕೋಳಿ ಕೊಡುವ ಹೊತ್ತಿಗೆ ಅವರು ಎದ್ದು ಹೋಗುತ್ತಾರೆ, ಆದರೆ ಪ್ರಸಾದ ಅವರಿಗೆ ಮುಟ್ಟದೆ ಬೇರೆಯವರಿಗಿಲ್ಲ. ಅಲ್ಲಿ ದೈವದ ಎದುರು ದೂರು ಇಡುವುದಕ್ಕೆ ಒಂದು ಕಟ್ಟು ಉಂಟು. ಹೆಸರು ಹೇಳಬಾರದು. ಆದ ಅನ್ಯಾಯ ಹೇಳಬೇಕು, ಶಿಕ್ಷೆ ಹೇಳಬೇಕು. ಯಾರೆಂದು ಹುಡುಕುವುದು ದೈವದ ಕೆಲಸ. ಆಡಿದ ಮಾತು ಮಾತ್ರ ಊರಿಗೆಲ್ಲ ಒಂದೇ.

ಆಗಸ್ಟಿನ ಸೋಣ ಸಂಕ್ರಮಣದ ಪೂಜೆಯ ದಿನ ಅವರು ಎದ್ದು ನಿಂತು ಕೈ ಮುಗಿದು ಹೇಳಿದರು:

"ನನ್ನ ಮಗಳನ್ನು ತಿಂದ ಮಾರಿ ಈ ಊರಿನಲ್ಲಿ ಯಾರು ಸಾಕಿದ ಜೀವದಲ್ಲಿ ಸಿಗುತ್ತದೋ, ಅವರ ಜಾಗ ಖಾಲಿಯಾಗಬೇಕು. ಅಲ್ಲಿ ಮತ್ತೆ ಜೀವ ಕಟ್ಟಿ ಸಾಕಬಾರದು. ಆ ಹುಡುಗಿ ಪರೀಕ್ಷೆ ಮಾಡಲಿ. ಬಾಗಿಲು ಹಾಕಿಕೊಂಡವನು ತಪ್ಪು ಒಪ್ಪಿಕೊಂಡ ಹಾಗೆ."

ಊರಿನ ಕಣ್ಣೆಲ್ಲ ನಿತ್ಯಣ್ಣನ ಮೇಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಪರೀಕ್ಷೆ ಮಾಡಲಿ, ನನಗೇನು ಹೆದರಿಕೆ, ನನ್ನದು ಒಪ್ಪಿಗೆ ಎಂದು ಎಲ್ಲರೆದುರು ಹೇಳಿಬಿಟ್ಟ. ಕಂಪೆನಿಯವರು ಪುಡಿಯನ್ನು ಶಕ್ತಿಮದ್ದು ಎಂದು ಹೇಳಿದ್ದನ್ನು ಅವನು ನಂಬಿದ್ದನೋ, ನಂಬಿದ ಹಾಗೆ ಮಾಡಿದ್ದನೋ ನನಗೆ ಗೊತ್ತಿಲ್ಲ. ದೈವಸ್ಥಾನದ ಹಿರಿಯರಾದ ಗುರಿಕಾರರು, ಇನ್ನು ಯಾರೂ ಮಾತು ತಪ್ಪುವಂತಿಲ್ಲ ಎಂದು, ಎರಡೂ ಕಡೆಯ ಮಾತಿಗೆ ಅಕ್ಕಿ ಹಾಕಿ ಮುಗಿಸಿದರು.

ರಿಫಾ ಫಾರ್ಮಿಗೆ ಹೋಗುವ ಮೊದಲು ಅನಂತಮತಿಯಕ್ಕನ ಹಟ್ಟಿಗೆ ಬಂದಳು. ಅವರೇ ಕರೆದದ್ದು. ಮೊದಲು ನನ್ನದು ತೆಗೆ, ಪಕ್ಷಪಾತ ಎಂದು ನಾಳೆ ಯಾರೂ ಹೇಳಬಾರದು ಎಂದರು. ತಾವೇ ಸೆಗಣಿ ತೋರಿಸಿ, ಬಾನಿಯ ನೀರು ಕೊಟ್ಟು, ಗಂಗೆ ಕಪಿಲೆಯರ ಬೆನ್ನು ತಟ್ಟಿ, ಹೆಮ್ಮೆಯಿಂದ ನಿಂತಿದ್ದರು. ನಾನೂ ಅಲ್ಲಿದ್ದೆ. ಆ ಹಟ್ಟಿಯಷ್ಟು ಚೊಕ್ಕದ ಹಟ್ಟಿ ತಾಲೂಕಿನಲ್ಲಿ ಇಲ್ಲ ಎಂದು ನಾನೇ ರಿಫಾಗೆ ಹೇಳಿದೆ.

ಫಲಿತಾಂಶ ಬರುವಾಗ ಗದ್ದೆ ಕೊಯ್ಲು ಮುಗಿದಿತ್ತು. ಅವರವರದ್ದು ಅವರವರಿಗೆ ಮಾತ್ರ ಹೇಳುವುದು ರಿಫಾಳ ನಿಯಮ. ಆದರೆ ನಿತ್ಯಣ್ಣನದ್ದು ನನಗೆ ಅದೇ ದಿನ ಗೊತ್ತಾಯಿತು, ಅತ್ತಿಗೆ ಅಳುತ್ತಾ ಫೋನ್ ಮಾಡಿದ್ದರು. ಎರಡು ಶೆಡ್ಡಿನಲ್ಲಿಯೂ, ಕೆಳಗಿನ ತೋಡಿನಲ್ಲಿಯೂ ಆ ಜೀನ್ ಸಿಕ್ಕಿತ್ತು. ನಾನು ಸಂತೋಷದಲ್ಲಿ ಅನಂತಮತಿಯಕ್ಕನ ಮನೆಗೆ ಓಡಿದೆ. ರಿಫಾ ಜಗಲಿಯಲ್ಲಿ ಕುಳಿತಿದ್ದಳು. ಅವಳ ಎದುರಿನ ಲೋಟದ ಹಾಲು ಹಾಗೆಯೇ ಇತ್ತು.

ಅವಳು ಮೆಲ್ಲಗೆ ಹೇಳಿದಳು, ಈ ಹಟ್ಟಿಯಲ್ಲಿಯೂ ಅದೇ ಜೀನ್ ಉಂಟು ಎಂದು.

ತೋಡಿನ ನೀರು ಬಂದಿರಬೇಕು ಎಂದು ನಾನು ಹೇಳಿದೆ. ಇರಬಹುದು ಎಂದಳು ರಿಫಾ. ದನಗಳಿಗೆ ಮದ್ದು ಹಾಕಿಸಿದ್ದುಂಟಾ ಎಂದು ಕೇಳಿದಳು. ಕೆಚ್ಚಲು ಬಾವಿಗೆ ಹಾಕಿಸಿದ್ದೇವೆ, ಆದರೆ ಆ ದಿನಗಳ ಹಾಲು ಒಂದು ತೊಟ್ಟೂ ಸೊಸೈಟಿಗೆ ಹೋಗಿಲ್ಲ, ಕಾಂತಿಯನ್ನು ಕೇಳು ಎಂದರು ಅನಂತಮತಿಯಕ್ಕ.

"ಮತ್ತೆ ಆ ಹಾಲು ಏನು ಮಾಡುತ್ತಿದ್ದಿರಿ, ಅಮ್ಮ?"

"ಹಾಲು ಚೆಲ್ಲುವುದುಂಟಾ? ಪಾಪ ಅಲ್ಲವಾ. ಚೆನ್ನಾಗಿ ಕಾಯಿಸಿ ಮನೆಗೆ ಇಟ್ಟುಕೊಳ್ಳುತ್ತಿದ್ದೆ."

ರಿಫಾ ತಲೆ ಎತ್ತಲಿಲ್ಲ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಮದ್ದು ಹೋಗುವುದಿಲ್ಲ ಎಂದಳು. ಮೊಸರು ಮಾಡುವುದೂ ಒಂದು ಜಾತಿಯ ಬ್ಯಾಕ್ಟೀರಿಯಾ, ಮದ್ದಿರುವ ಹಾಲಿನಲ್ಲಿ ಅದು ಬದುಕುವುದಿಲ್ಲ, ಅಂಥ ಹಾಲು ಹೆಪ್ಪು ಹಿಡಿಯುವುದಿಲ್ಲ ಎಂದಳು. ಅದನ್ನು ಕುಡಿದವರ ಹೊಟ್ಟೆಯಲ್ಲಿ ಮದ್ದಿಗೆ ಬಗ್ಗದ್ದು ಮಾತ್ರ ಉಳಿದು ಬೆಳೆಯುತ್ತದೆ. ಹಟ್ಟಿಯ ಸೆಗಣಿ ಮುಟ್ಟಿದ ಕೈಯಿಂದ ಹೊಸದೂ ಬಂದು ಸೇರುತ್ತದೆ.

ಅನಂತಮತಿಯಕ್ಕ ಲೋಟದ ಹಾಲನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೆಪ್ಪು ಹಿಡಿಯದ ಹಾಲೆಲ್ಲ ಅಕ್ಷಯಾ ಕುಡಿದದ್ದು, ಕಾಂತಿ. ಬೇಡ ಎನ್ನುತ್ತಿದ್ದಳು. ಪರೀಕ್ಷೆ ಹತ್ತಿರ ಬಂತು ಎಂದು ನಾನೇ ಎದುರು ನಿಂತು ಕುಡಿಸಿದೆ."

ಇದರಿಂದಲೇ ಆಯಿತು ಎಂದು ಹೇಳಲಾಗುವುದಿಲ್ಲ ಎಂದು ರಿಫಾ ಅವರ ಕೈ ಹಿಡಿದಳು. ಈ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಕೋಳಿಯಿಂದ ನೀರಿಗೆ, ನೀರಿನಿಂದ ದನಕ್ಕೆ, ದನದಿಂದ ಮನುಷ್ಯರಿಗೆ ಕೈ ಬದಲಿಸುತ್ತಾ ಹೋಗುತ್ತದೆ. ನೆರೆಮನೆಯಿಂದ ಹೆಪ್ಪು ತಂದ ಹಾಗೆ. ಯಾರ ಮನೆಯ ಹೆಪ್ಪು ಯಾರ ಮನೆಯ ಮೊಸರಾಯಿತು ಎಂದು ಯಾರು ಹೇಳುವುದು?

ನನಗೆ ಆಗ ತೋಚಿದ್ದು ಒಂದೇ. ಇದು ನಮ್ಮ ಮೂವರಲ್ಲಿಯೇ ಇರಲಿ ಎಂದೆ. ರಿಫಾ ಯಾರಿಗೂ ಹೇಳುವವಳಲ್ಲ. ನಿತ್ಯಣ್ಣನ ಫಾರ್ಮು ಮುಚ್ಚಲಿ, ಈ ಹಟ್ಟಿಯ ಸುದ್ದಿ ಯಾರಿಗೆ ಬೇಕು? ನಾನು ಹೀಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಮಗಳನ್ನು ಕಳೆದುಕೊಂಡವರಿಗೆ ಅಷ್ಟು ಸುಳ್ಳಿನ ಹಕ್ಕು ಉಂಟು. ಅನಂತಮತಿಯಕ್ಕ ಎದ್ದು ರಿಫಾಳ ಎದುರಿನ ಲೋಟ ತೆಗೆದುಕೊಂಡು ಹೋಗಿ ಹಾಲನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ಆ ಮನೆಯಲ್ಲಿ ಹಾಲು ಚೆಲ್ಲಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನ ಕಳೆದು ಗೋಶಾಲೆಯ ಪಿಕಪ್ ಬಂತು. ದನಗಳಿಗೆ ಮದ್ದು ನಿಲ್ಲಿಸಿದರೆ ಇದು ನಿಧಾನಕ್ಕೆ ಕಡಿಮೆಯಾಗುತ್ತದೆ, ಬೇರೆ ದನಗಳೊಡನೆ ಕಟ್ಟಬಾರದು, ಸೆಗಣಿ ಬೇರೆಯೇ ಇಡಬೇಕು ಎಂದು ರಿಫಾ ಹೇಳಿದ್ದನ್ನೆಲ್ಲ ಅನಂತಮತಿಯಕ್ಕ ಗೋಶಾಲೆಯವರಿಗೆ ಬಿಡಿಸಿ ಹೇಳಿ ಒಪ್ಪಿಸಿದರು. ಗಂಗೆ ಹತ್ತಲು ಒಪ್ಪದೆ ಹಟ್ಟಿಯ ಕಡೆಗೇ ಎಳೆಯುತ್ತಿತ್ತು. ಅಜಿತಕುಮಾರಣ್ಣ ಅದರ ಹಗ್ಗ ಹಿಡಿದುಕೊಂಡು, ಹಸುಗಳು ಏನು ಮಾಡಿದವು ಎಂದು ಕೇಳಿದರು.

"ಅಕ್ಷಯಾ ಏನು ಮಾಡಿದ್ದಳು?" ಎಂದರು ಅನಂತಮತಿಯಕ್ಕ. ಅಜಿತಕುಮಾರಣ್ಣ ಹಗ್ಗ ಬಿಟ್ಟುಕೊಟ್ಟರು.

ಮುಂದಿನ ಸಂಕ್ರಮಣಕ್ಕೆ ದೈವಸ್ಥಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನರಂಜನೆಗೆ ನಮ್ಮೂರಿನವರು ಯಾವತ್ತೂ ತಡವಾಗಿ ಬರುವುದಿಲ್ಲ. ನಿತ್ಯಣ್ಣ ತಯಾರಾಗಿ ಬಂದಿದ್ದ. ಗುರಿಕಾರರು ಕೇಳುವ ಮೊದಲೇ ಎದ್ದು, ನನ್ನಲ್ಲಿ ಸಿಕ್ಕಿದ್ದು ಹೌದು, ಇಲ್ಲ ಎನ್ನುವುದಿಲ್ಲ ಎಂದ. ಆದರೆ ಇದು ಇಲ್ಲದ ಜಾಗ ಎಲ್ಲಿದೆ, ಎಲ್ಲರೂ ಮದ್ದು ಹಾಕುವವರೇ, ನನ್ನೊಬ್ಬನ ಕುತ್ತಿಗೆ ಯಾಕೆ ಎಂದ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಬೇರೆಯವರ ಎಲೆಯ ನೊಣ ಓಡಿಸುವವರು ಇದ್ದಾರೆ ಎಂದು ನಾಲ್ಕು ಜನ ನಗುವ ಹಾಗೆ ಹೇಳಿದ. ಅವನಿಗೆ ಯಾರೋ ಸುಳಿವು ಕೊಟ್ಟಿರಬೇಕು, ಅಥವಾ ಕತ್ತಲೆಯಲ್ಲಿ ಕಲ್ಲು ಎಸೆದಿರಬೇಕು. ಕೊನೆಗೆ ಅನಂತಮತಿಯಕ್ಕನ ಕಡೆ ತಿರುಗಿದ.

"ದೈವದ ಎದುರು ಹೇಳಿ ಅಕ್ಕ. ನಿಮ್ಮ ಹಟ್ಟಿಯಲ್ಲಿ ಇಲ್ಲವಾ?"

"ಉಂಟು."

ನಿತ್ಯಣ್ಣನ ಮುಖ ಅರಳಿತು.

"ಹಾಗಾದರೆ ಇಬ್ಬರದ್ದೂ ಸಮ ಆಯಿತಲ್ಲ. ಇಲ್ಲಿಗೇ ಬಿಡುವ ಅಕ್ಕ."

ಅನಂತಮತಿಯಕ್ಕ ಸೆರಗಿನ ಗಂಟು ಬಿಚ್ಚಿದರು. ಒಳಗಿದ್ದದ್ದು ಗಂಗೆಯ ಕೊರಳಿನ ಗಂಟೆ. ಅದನ್ನು ದೈವದ ಎದುರಿನ ಮಣೆಯಲ್ಲಿ ಇಟ್ಟರು.

"ನನ್ನ ಹಟ್ಟಿ ಖಾಲಿ ಮಾಡಿ ಬಂದಿದ್ದೇನೆ. ಬೇಕಾದವರು ಹೋಗಿ ನೋಡಲಿ. ಇನ್ನು ಸಮ ಆಗಬೇಕಾದದ್ದು ನಿನ್ನದು, ನಿತ್ಯಾನಂದ. ಯಾವಾಗ?"

ನಕ್ಕಿದ್ದ ನಾಲ್ಕು ಜನ ಈಗ ನೆಲ ನೋಡುತ್ತಿದ್ದರು. ತಾನು ಬೀಸಿದ ಕತ್ತಿ ತನ್ನ ಮೇಲೆಯೇ ತಿರುಗಿದ್ದು ನಿತ್ಯಣ್ಣನಿಗೆ ಆಗಷ್ಟೇ ಗೊತ್ತಾದದ್ದು. ಅನಂತಮತಿಯಕ್ಕ ಮುಚ್ಚಿಟ್ಟಿದ್ದರೆ ಅವನು ಗೆಲ್ಲುತ್ತಿದ್ದ. ಒಪ್ಪಿಕೊಂಡು ಹಟ್ಟಿ ಉಳಿಸಿಕೊಂಡಿದ್ದರೂ ಗೆಲ್ಲುತ್ತಿದ್ದ. ಆಡಿದ ಮಾತು ಊರಿಗೆಲ್ಲ ಒಂದೇ ಎಂದು ಗುರಿಕಾರರು ಎದ್ದರು. ಇರುವ ಕೋಳಿ ಲಾರಿ ಹತ್ತಿದ ಮೇಲೆ ಹೊಸ ಮರಿ ಇಳಿಸುವುದಿಲ್ಲ ಎಂದು ನಿತ್ಯಣ್ಣ ಯಾರ ಮುಖವನ್ನೂ ನೋಡದೆ ಹೇಳಿದ. ಹಾಗೆಯೇ ನಡೆದುಕೊಂಡ. ಕೊನೆಯ ಲಾರಿ ಹೋದ ದಿನ ಅನಂತಮತಿಯಕ್ಕ ಮೋರಿಯ ಕಟ್ಟೆಯಲ್ಲಿ ಕುಳಿತು, ಗೇಟಿಗೆ ಬೀಗ ಬೀಳುವವರೆಗೆ ನೋಡಿ ಎದ್ದರು. ಮನೆಗೆ ಹೋಗಿ ಬೇಲಿಯ ತೋರಣ ಬಿಚ್ಚಿದರು.

ನಾನು ಆ ಸಂಜೆ, ಹೊತ್ತು ಮುಳುಗುವ ಮೊದಲು, ಅವರನ್ನು ನೋಡಲು ಹೋದೆ. ಗೆದ್ದವರನ್ನು ನೋಡುವ ಆಸೆ ನನಗೆ. ಅವರು ಹಟ್ಟಿಯ ಮೆಟ್ಟಿಲಲ್ಲಿ ಕುಳಿತಿದ್ದರು. ಒಳಗೆ ನೆಲ ಗುಡಿಸಿ ಒಣಗಿತ್ತು, ಬಾನಿ ಕವುಚಿ ಹಾಕಿತ್ತು. ನನಗೆ ಕಪ್ಪು ಚಹಾ ತಂದುಕೊಟ್ಟರು. ಬಸದಿಗೆ ಹೋಗಿ ನಿಯಮ ತೆಗೆದುಕೊಂಡಿದ್ದಾರಂತೆ, ಇರುವಷ್ಟು ದಿನ ಹಾಲು ಮೊಸರು ತುಪ್ಪ ಮುಟ್ಟುವುದಿಲ್ಲ ಎಂದು.

ಅಂತೂ ನಿಮ್ಮ ಹಟ ಸಾಧಿಸಿದಿರಿ, ಈಗಲಾದರೂ ಸಮಾಧಾನ ಆಯಿತಾ ಅಕ್ಕ, ಎಂದು ಕೇಳಿದೆ.

ಅವರು ತೋಡಿನ ಆಚೆ ನೋಡಿದರು. ಅಲ್ಲಿಂದ ಈಗ ಕೋಳಿಗಳ ಸದ್ದಿಲ್ಲ, ವಾಸನೆಯಿಲ್ಲ.

"ನಿತ್ಯಾನಂದನನ್ನು ವಿಚಾರಿಸಲು ನಾನಿದ್ದೆ," ಎಂದರು. "ನನ್ನನ್ನು ವಿಚಾರಿಸಲು ಯಾರಿದ್ದಾರೆ, ಕಾಂತಿ? ಇದ್ದವಳು ಅವಳೊಬ್ಬಳು."

ಚಹಾ ಕುಡಿದು, ಲೋಟ ತೊಳೆದಿಟ್ಟು ಮನೆಗೆ ಬಂದೆ.